ಅಲೆನಾಡಿನ ಸುಂಕದವನು

ಡಿಸೆಂಬರ್ 28, 2025, ಭಾನುವಾರ
ಹೊನ್ನಾವರ

ತಂಗಿ ಮಗಳು ಪುಟ್ಟಿ ರಜೆಗೆ ಬಂದು ನಾಲ್ಕು ದಿನ ಆಯ್ತು. ಬಂದವಳೇ ಒಂದು ರಾಜ್ಯ ಕಟ್ಟಿದ್ದಾಳೆ. ಹೆಸರು ಅಲೆನಾಡು. ನಕಾಶೆ ಆಗಿದೆ, ಬಾವುಟ ಆಗಿದೆ, ಪರೀಕ್ಷೆ ಇರಬಾರದು ಅನ್ನುವ ಕಾನೂನೂ ಆಗಿದೆ. ರಾಜಪಕ್ಷಿ ಒಂದು ಬಾಕಿ ಇತ್ತು. ನಿನ್ನೆ ರಾತ್ರಿ ಅದನ್ನೂ ಬಿಡಿಸಿದಳು. ಬಿಳಿ ಹೊಟ್ಟೆಯ ದೊಡ್ಡ ಹದ್ದು, ತಲೆ ಮೇಲೆ ಕಿರೀಟ, ಕೆಳಗೆ ಕಡಲು. "ಇಂಥ ಹಕ್ಕಿ ಎಲ್ಲೂ ಇಲ್ಲ, ನಾನೇ ಮಾಡಿದ್ದು" ಅಂದಳು.

ಇಲ್ಲದ ಹಕ್ಕಿಯನ್ನು ರಾಜ್ಯದ ಗುರುತು ಮಾಡಿಕೊಳ್ಳುವುದು ನಮಗೇನೂ ಹೊಸದಲ್ಲ. ಬಳ್ಳಿಗಾವಿಯಲ್ಲಿ 1047ರಲ್ಲೇ ಗಂಡಭೇರುಂಡಕ್ಕೆ ಕಂಬ ನಿಲ್ಲಿಸಿದ್ದರು. ಆಮೇಲೆ ಅದು ಮೈಸೂರು ಅರಸರ ಲಾಂಛನ ಆಯ್ತು, ಈಗ ಸರ್ಕಾರದ್ದು. ಪುಟ್ಟಿ ಬಂದ ಬಸ್ಸಿನ ಮೇಲೂ ಅದೇ ಇತ್ತು. ಆದರೆ ಇವಳ ಹಕ್ಕಿ ಇಲ್ಲೇ ಇದೆಯಲ್ಲ! ಕಿರೀಟ ಒಂದು ಬಿಟ್ಟರೆ ಎಲ್ಲ ಸರಿ. ಹಾಗಾಗಿ ಇವತ್ತು ಬೆಳಿಗ್ಗೆ ಆರೂವರೆಗೆ ಎಬ್ಬಿಸಿ ಶರಾವತಿ ಅಳಿವೆ ಕಡೆ ಕರೆದುಕೊಂಡು ಹೋದೆ.

ದೋಣಿಗಳು ವಾಪಸ್ ಬರುವ ಹೊತ್ತು. ಮೇಲೆ ಗರುಡಗಳ ದಂಡು. ಕೆಂಗಂದು ಮೈ, ಬಿಳಿ ತಲೆ. ನಮ್ಮಮ್ಮ ಇದ್ದಿದ್ದರೆ ಒಂದೊಂದಕ್ಕೂ ಕೈ ಮುಗಿಯುತ್ತ ಅಲ್ಲೇ ನಿಂತುಬಿಡುತ್ತಿದ್ದರು. ಅರ್ಧ ಗಂಟೆ ಕಾದ ಮೇಲೆ ಒಂದು ಗಾಳಿಮರದ ಒಣಕೊಂಬೆಯಲ್ಲಿ ಅದು ಕಾಣಿಸಿತು. ಬಿಳಿಹೊಟ್ಟೆಯ ಕಡಲ ಹದ್ದು. (ಮರ ಎಲ್ಲಿದೆ ಅಂತ ಬರೆಯುವುದಿಲ್ಲ. ಗೂಡು ಕಟ್ಟುವ ಕಾಲ, ಕ್ಯಾಮೆರಾ ಹಿಡಿದವರು ಈಗಲೇ ಜಾಸ್ತಿ.)

ದುರ್ಬೀನನ್ನು ಪುಟ್ಟಿ ಕೈಗೆ ಕೊಟ್ಟೆ. ತುಂಬಾ ಹೊತ್ತು ವಾಪಸ್ ಕೊಡಲೇ ಇಲ್ಲ. ತಲೆ, ಎದೆ, ಹೊಟ್ಟೆ ಎಲ್ಲ ಈಗಷ್ಟೇ ಒಗೆದು ಹಾಕಿದ ಪಂಚೆಯ ಹಾಗೆ. ಬೆನ್ನು ಮಾತ್ರ ಬೂದಿ ಬಣ್ಣ. ಗಾಳಿ ಬಂದಾಗ ಎದೆಯ ಒಂದು ಗರಿ ಮೇಲೆದ್ದು ನಿಲ್ಲುತ್ತಿತ್ತು. ಅದು ತಲೆ ಬಗ್ಗಿಸಿ ಕೊಕ್ಕಿನಿಂದ ಸರಿ ಮಾಡಿಕೊಳ್ಳುತ್ತಿತ್ತು. ಮತ್ತೆ ಗಾಳಿ, ಮತ್ತೆ ಅದೇ ಗರಿ. ಕಾಲಿನ ಕೆಳಭಾಗಕ್ಕೆ ಗರಿಯೇ ಇಲ್ಲ, ಬೋಳು. ಮೀನಿಗೆ ದಿನಾ ನೀರಿಗೆ ಕಾಲು ಹಾಕುವವನು ಪ್ಯಾಂಟು ಮಡಚಿಕೊಂಡ ಹಾಗೆ.

ಆಮೇಲೆ ಹಾರಿತು. ಎರಡೂ ರೆಕ್ಕೆ ಮೇಲೆತ್ತಿ ಹಿಡಿದು ಸುಮ್ನೆ ತೇಲುತ್ತ ಹೋಯಿತು. ಈ ತುದಿಯಿಂದ ಆ ತುದಿಗೆ ಸುಮಾರು 2 ಮೀಟರ್ ಇರುತ್ತದೆ, ನಮ್ಮ ಹೆಬ್ಬಾಗಿಲನ್ನು ಅಡ್ಡ ಮಲಗಿಸಿದಷ್ಟು. ಹೆಣ್ಣು ಗಂಡಿಗಿಂತ ದೊಡ್ಡದು ಅಂದೆ. "ಹಾಗಾದ್ರೆ ಅಲೆನಾಡಿಗೆ ರಾಣಿ" ಅಂತ ಅಲ್ಲೇ ಕಾನೂನು ತಿದ್ದಿದಳು.

ಅಷ್ಟರಲ್ಲಿ ರಾಣಿ ಬಾಯಿ ಬಿಟ್ಟರು. ನೆಗಡಿ ಆದ ಬಾತುಕೋಳಿ ಕೂಗಿದ ಹಾಗಿತ್ತು. ಪುಟ್ಟಿ ನನ್ನ ಮುಖ ನೋಡಿದಳು. ನಾನೇನು ಮಾಡಲಿ, ಅದರ ದನಿಯೇ ಅಷ್ಟು.

ಮುಂದಿನದು ಇನ್ನೂ ಕಷ್ಟ ಆಯ್ತು. ಒಂದು ಗರುಡ ಸಣ್ಣ ಮೀನು ಹಿಡಿದು ದಡದ ಕಡೆ ಹೊರಟಿತ್ತು. ಕಡಲ ಹದ್ದು ಮೇಲಿಂದ ಬಂದು ಅದರ ಬೆನ್ನು ಹತ್ತಿತು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಗರುಡ ಮೀನು ಬಿಟ್ಟುಬಿಟ್ಟಿತು. ನೀರಿಗೆ ಬಿದ್ದ ಮೀನನ್ನು ಹದ್ದು ಒಂದೇ ಕಾಲಲ್ಲಿ ಎತ್ತಿಕೊಂಡು ಹೋಯಿತು. ಮುಳುಗಲೂ ಇಲ್ಲ, ಹೊಟ್ಟೆ ಒದ್ದೆಯಾಗಲೂ ಇಲ್ಲ.

"ಕಳ್ಳಿ!" ಅಂತ ಕಿರುಚಿದಳು ಪುಟ್ಟಿ.

ಸಮಾಧಾನ ಮಾಡಲು ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಥೆ ಹೇಳಿದೆ. 16ನೇ ಶತಮಾನದಲ್ಲಿ ಈ ಕಡೆಯೆಲ್ಲ ಆಳಿದವಳು. ಘಟ್ಟದ ಮೆಣಸು ಅವಳ ಕೈ ದಾಟಿಯೇ ಕಡಲಿಗೆ ಬರಬೇಕಿತ್ತು. ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆದದ್ದು ಸುಮ್ನೆ ಅಲ್ಲ. ರಾಜರು ತಗೊಂಡರೆ ಕಳ್ಳತನ ಅನ್ನುವುದಿಲ್ಲ ಕಣೆ, ಸುಂಕ ಅನ್ನುತ್ತಾರೆ ಅಂದೆ. ಅವಳಿಗೆ ಆ ಪದ ಹಿಡಿಸಿತು. ದಾರಿಯುದ್ದಕ್ಕೂ ಸುಂಕ, ಸುಂಕ.

ವಾಪಸ್ ಬರುವಾಗ ಗೂಡಿನ ಬಗ್ಗೆ ಕೇಳಿದಳು. ಒಂದು ಸಲ ಕಟ್ಟಿದ ಗೂಡಿಗೇ ವರ್ಷ ವರ್ಷ ಕಡ್ಡಿ ಸೇರಿಸುತ್ತ ಹೋಗುತ್ತವೆ, ಹೆಚ್ಚಾಗಿ ಎರಡು ಮೊಟ್ಟೆ, ಆರು ವಾರ ಕಾವು. ಮರಿ ಕಂದು ಬಣ್ಣದ್ದು, ಬಿಳಿ ಬಟ್ಟೆ ಸಿಗಲು ನಾಲ್ಕೈದು ವರ್ಷ ಕಾಯಬೇಕು. ಮುರುಡೇಶ್ವರದ ಆಚೆ ನೇತ್ರಾಣಿ ದ್ವೀಪದಲ್ಲೂ ಇವು ಗೂಡು ಕಟ್ಟುತ್ತವೆ ಅಂದೆ. ಬ್ರಿಟಿಷರ ನಕಾಶೆಯಲ್ಲಿ ಅದಕ್ಕೆ ಪಾರಿವಾಳದ ದ್ವೀಪ ಅಂತ ಹೆಸರಿತ್ತು. ಹದ್ದುಗಳ ದ್ವೀಪಕ್ಕೆ ಪಾರಿವಾಳದ ಹೆಸರು! ನೌಕಾಪಡೆಯವರು ಅಲ್ಲಿ ಗುಂಡಿನ ಅಭ್ಯಾಸ ಮಾಡುತ್ತಿದ್ದ ವಿಷಯ ಹೇಳಲಿಲ್ಲ. ಹೇಳಿದ್ದರೆ ಅಲೆನಾಡು ಇವತ್ತೇ ಯುದ್ಧ ಸಾರುತ್ತಿತ್ತು.

ಮಧ್ಯಾಹ್ನ ಊಟ ಆದ ಮೇಲೆ ಹಳೆ ಚಿತ್ರ ಎದುರಿಗೆ ಹಾಕಿಕೊಂಡು ಕೂತಳು. ರಬ್ಬರಿನಿಂದ ಕಿರೀಟ ಉಜ್ಜಿ ಹಾಕಿ, ಕೊರಳಿಗೆ ಒಂದು ಚೀಲ ನೇತುಹಾಕಿದಳು. ಕೆಳಗೆ "ಸುಂಕದವನು" ಅಂತ ಬರೆದು, "ನು" ಹೊಡೆದು "ಳು" ಮಾಡಿದಳು. ಕಿರೀಟ ಪೂರ್ತಿ ಹೋಗಿಲ್ಲ, ಮೇಲೆ ಕಪ್ಪಗೆ ಕಲೆ ಉಳಿದಿದೆ. ಅದೇನು ಅಂತ ಕೇಳಿದೆ.

"ಮೋಡ" ಅಂದಳು.