ಜ್ವರ ಬಂದರೆ ಗಂಜಿ ಯಾರು ಮಾಡಿಕೊಡ್ತಾರೆ?

ನಾನು ಬೆಂಗಳೂರಿನಲ್ಲಿ ಕೌನ್ಸೆಲರ್. ನನ್ನ ಹತ್ತಿರ ಬರುವವರಲ್ಲಿ ಕ್ವಿಯರ್ ಮತ್ತು ಟ್ರಾನ್ಸ್ ಜನರೇ ಜಾಸ್ತಿ, ಅಂದರೆ ಸಲಿಂಗ ಪ್ರೇಮಿಗಳು, ಹುಟ್ಟಿದಾಗ ಗುರುತಿಸಿದ ಲಿಂಗವೇ ತಮ್ಮದಲ್ಲ ಅನ್ನುವವರು, ಇಂಥವರು. ಹಾವೇರಿ, ರಾಯಚೂರು, ತುಮಕೂರು ಕಡೆಯಿಂದ ಕೆಲಸ ಹುಡುಕಿಕೊಂಡೋ ಮನೆ ಬಿಟ್ಟೋ ಬಂದವರು. ಮೊದಲ ಭೇಟಿಯಲ್ಲೇ ಒಂದು ಪ್ರಶ್ನೆ ಕೇಳುತ್ತೇನೆ: "ಜ್ವರ ಬಂದು ಮಲಗಿದರೆ ನಿಮಗೆ ಗಂಜಿ ಯಾರು ಮಾಡಿಕೊಡ್ತಾರೆ?"

ಕೆಲವರು ರೂಮ್‌ಮೇಟ್ ಹೆಸರು ಹೇಳುತ್ತಾರೆ, ಕೆಲವರು ಗುರುವಿನ ಹೆಸರು, ಅಂದರೆ ತಮ್ಮನ್ನು ಚೇಲಾ (ಶಿಷ್ಯೆ) ಆಗಿ ಸೇರಿಸಿಕೊಂಡ ಹಿರಿಯ ಟ್ರಾನ್ಸ್ ಮಹಿಳೆಯ ಹೆಸರು. ಒಬ್ಬ ಟ್ರಾನ್ಸ್ ಹುಡುಗ ತನ್ನ ಪಿಜಿಯ ಅಡುಗೆಯಮ್ಮನ ಹೆಸರು ಹೇಳಿದ್ದ. "ಯಾರೂ ಇಲ್ಲ ಮೇಡಂ" ಅನ್ನುವವರೂ ಇದ್ದಾರೆ. ಅಂಥವರಿಗೆ ವಾರಕ್ಕೊಂದು ಗಂಟೆಯ ಮಾತು ಸಾಲದು. ಉಳಿದ ಹೊತ್ತೆಲ್ಲ ಜೊತೆಗೆ ಯಾರಿರುತ್ತಾರೆ ಅನ್ನುವುದು ನನಗೆ ಚಿಕಿತ್ಸೆಯದೇ ಪ್ರಶ್ನೆ. ಅದಕ್ಕೇ, ಬಂದವರು ಒಪ್ಪಿದರೆ, ಆ ಗಂಜಿ ಕೊಡುವವರನ್ನೂ ಒಂದು ದಿನ ಕರೆಸಿ ಕೂರಿಸಿಕೊಳ್ಳುತ್ತೇನೆ. ರಾತ್ರಿ ಗಾಬರಿಯಾದರೆ ಏನು ಮಾಡಬೇಕು, ಯಾವ ಮಾತು ಚುಚ್ಚುತ್ತದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಯಾವಾಗ ಫೋನ್ ಮಾಡಬೇಕು, ಎಲ್ಲವನ್ನೂ ಮೂವರೂ ಸೇರಿ ಮಾತಾಡುತ್ತೇವೆ.

ಇದರ ಜೊತೆಗೆ ಒಂದು ಕಾಗದ ಬರೆಸುತ್ತೇನೆ. ಅದು ಬಹಳ ಜನರಿಗೆ ಗೊತ್ತೇ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಹದಿನೆಂಟು ದಾಟಿದ ಯಾರೇ ಆಗಲಿ ತಮಗೊಬ್ಬ ಪ್ರತಿನಿಧಿಯನ್ನು ಆರಿಸಿಕೊಳ್ಳಬಹುದು. ರಕ್ತಸಂಬಂಧಿಯೇ ಆಗಬೇಕಿಲ್ಲ. ಗೆಳತಿ, ಸಂಗಾತಿ, ಗುರು ಯಾರಾದರೂ ಸರಿ. ಸ್ಟಾಂಪ್ ಪೇಪರ್ ಬೇಡ, ಬಿಳಿ ಹಾಳೆ, ಸಹಿ ಅಥವಾ ಹೆಬ್ಬೆಟ್ಟು ಸಾಕು. ಆ ವ್ಯಕ್ತಿಯೂ ಒಪ್ಪಿಗೆ ಬರೆದುಕೊಡಬೇಕು. ಮಾನಸಿಕ ಚಿಕಿತ್ಸೆಯ ವಿಷಯದಲ್ಲಿ ಆ ಹೆಸರಿಗೇ ಮೊದಲ ಸ್ಥಾನ.

ಯಾಕೆ ಇಷ್ಟು ಹೇಳುತ್ತೇನೆ ಅಂದರೆ, ನನ್ನ ಬಳಿ ಬರುತ್ತಿದ್ದ ಒಬ್ಬ ಟ್ರಾನ್ಸ್ ಮಹಿಳೆಯನ್ನು ಒಂದು ಆಸ್ಪತ್ರೆಯ ಮನೋರೋಗ ವಾರ್ಡಿಗೆ ಸೇರಿಸಿದಾಗ, ಕರೆತಂದ ಗೆಳತಿಯನ್ನು ಹೊರಗೆ ನಿಲ್ಲಿಸಿದರು. ವರ್ಷಗಳಿಂದ ಮಾತೇ ಬಿಟ್ಟಿದ್ದ ಅಪ್ಪನಿಗೆ ಫೋನ್ ಹೋಯಿತು. ಅವರು ಬಂದವರೇ ಮಾಡಿಸಿದ ಮೊದಲ ಕೆಲಸ ಅವಳ ಕೂದಲು ಕತ್ತರಿಸಿದ್ದು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

2019ರ ಟ್ರಾನ್ಸ್‌ಜೆಂಡರ್ ಕಾಯ್ದೆಯ 12ನೇ ಸೆಕ್ಷನ್ ಓದಿ. ಹೆತ್ತವರಿಗೆ, ಹತ್ತಿರದ ಕುಟುಂಬಕ್ಕೆ ನೋಡಿಕೊಳ್ಳಲು ಆಗದಿದ್ದರೆ ಕೋರ್ಟು ಪುನರ್ವಸತಿ ಕೇಂದ್ರಕ್ಕೆ ಕಳಿಸಬೇಕು. ಗುರುವಿನ ಮನೆ, ಗೆಳೆಯರ ಮನೆ ಅದರಲ್ಲಿ ಲೆಕ್ಕಕ್ಕೇ ಇಲ್ಲ. ಹಾಗಾಗಿ ಈ ಬಿಳಿ ಹಾಳೆ ನನಗೆ ಇಷ್ಟು ಮುಖ್ಯ.

ಹಾಗಂತ ಸಮುದಾಯದಲ್ಲಿ ಎಲ್ಲವೂ ಸಿಹಿ ಅಂತಲ್ಲ. ಜಮಾತ್‌ನಲ್ಲಿ, ಅಂದರೆ ಸಮುದಾಯದ ಹಿರಿಯರ ಪಂಚಾಯಿತಿಯಲ್ಲಿ, ದಂಡ ಕಟ್ಟಿ ಸೋತವರನ್ನು, ಗಳಿಸಿದ್ದರಲ್ಲಿ ಪಾಲು ಕೊಟ್ಟು ಬರಿಗೈ ಆದವರನ್ನು ನೋಡಿದ್ದೇನೆ. ಟ್ರಾನ್ಸ್ ಪುರುಷರಿಗಂತೂ ಅಂಥ ಗುರು-ಚೇಲಾ ಆಸರೆಯೂ ಇಲ್ಲ. ಅದಕ್ಕೇ ಯಾರ ಹೆಸರು ಬರೆಯಬೇಕು ಅನ್ನುವುದನ್ನು ನಿಧಾನವಾಗಿ, ಕೆಲವೊಮ್ಮೆ ತಿಂಗಳುಗಟ್ಟಲೆ, ಯೋಚಿಸುತ್ತೇವೆ.

ಮಕ್ಕಳನ್ನು ಕರೆತಂದು "ಸರಿ ಮಾಡಿಕೊಡಿ" ಅಂತ ಅಪ್ಪ ಅಮ್ಮಂದಿರೂ ಬರುತ್ತಾರೆ. ಇದು ಕಾಯಿಲೆ ಅಲ್ಲ, ಹಾಗೆ 'ಸರಿ ಮಾಡುವ' ಚಿಕಿತ್ಸೆಯನ್ನು 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೇ ವೃತ್ತಿ ದುರ್ನಡತೆ ಎಂದಿದೆ ಅಂತ ನೇರವಾಗಿ ಹೇಳುತ್ತೇನೆ. ಆದರೆ ನನ್ನ ಮಾತಿಗಿಂತ ಇನ್ನೊಬ್ಬ ತಾಯಿಯ ಮಾತು ಬೇಗ ತಾಗುತ್ತದೆ. "ನನ್ನ ಮಗಳೂ ಹಂಗಽ ರೀ, ಮೊದ್ಲು ನಾನೂ ಭಾಳ ಅತ್ತೆ" ಅಂತ ಧಾರವಾಡದ ಒಬ್ಬ ಅವ್ವ ಫೋನಿನಲ್ಲಿ ಶುರು ಮಾಡಿದರೆ, ಆಚೆ ಕಡೆಯವರು ಕೇಳಿಸಿಕೊಳ್ಳುತ್ತಾರೆ.

ಸಮುದಾಯದಿಂದಲೇ ಬಂದ ಪೀರ್ ಕೌನ್ಸೆಲರ್‌ಗಳು ಮಾಡುವ ಕೆಲಸವೂ ಇಂಥದ್ದೇ. ಅವರಲ್ಲಿ ಎಷ್ಟೋ ಜನ ಸುಮ್ನೆ, ಕಾಸಿಲ್ಲದೆ ಮಾಡುತ್ತಿದ್ದಾರೆ. ಸರ್ಕಾರಿ ನೌಕರಿಯಲ್ಲಿ ಟ್ರಾನ್ಸ್‌ಜೆಂಡರ್ ಜನರಿಗೆ ಶೇಕಡಾ 1ರಷ್ಟು ಮೀಸಲಾತಿಯನ್ನು ನಮ್ಮ ರಾಜ್ಯ 2021ರಲ್ಲೇ ಕೊಟ್ಟಿದೆ. ಪ್ರತಿ ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಇಂಥ ಪೀರ್ ಕೌನ್ಸೆಲರ್‌ಗೂ ಒಂದು ಹುದ್ದೆ ಇರಲಿ, ಸಂಬಳ ಸಮೇತ.