ಅವ್ವ ಬರೆಸಿದ ಪಟ್ಟಿ

ರಾಯಚೂರಿನಲ್ಲಿ ಫ್ಲ್ಯಾಟಿನ ರಿಜಿಸ್ಟ್ರೇಶನ್ ಮುಗಿದ ವಾರವೇ ಮನೆ ವಿಮೆಯ ಅರ್ಜಿ ಹಿಡಿದು ಕೂತೆ. ಸಾಲ ಕೊಟ್ಟ ಬ್ಯಾಂಕಿನವರು ಕೇಳಿದ್ದು ಕಟ್ಟಡದ ವಿಮೆ ಮಾತ್ರ. ನಮ್ಮದು ಮೂರನೇ ಮಹಡಿ, ಅಲ್ಲಿಗೆ ಯಾವ ನೀರು ಬರುತ್ತದೆ, ಸಾಮಾನಿಗೆ ವಿಮೆ ಯಾಕೆ ಅಂದೆ.

"ನೀರು ಕೆಳಗಿಂದಾನ ಬರಬೇಕೇನು ತಮ್ಮಾ? ತಲಿ ಮ್ಯಾಲ ಟಾಕಿ ಅದ ನೋಡು," ಅಂದಳು ಅವ್ವ.

2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯದ ಮಠದೊಳಗೆ ನುಗ್ಗಿದಾಗ ನದಿದಂಡೆಯ ನಮ್ಮೂರ ಮನೆಗೂ ನೀರು ಹೊಕ್ಕಿತ್ತು. ಗೋಡೆಗಳು ನಿಂತವು. ಹೋದದ್ದು ಒಳಗಿನದು: ಜೋಳದ ಚೀಲಗಳು, ಟ್ರಂಕಿನಲ್ಲಿದ್ದ ಸೀರೆಗಳು, ಹೊಲಿಗೆ ಮಷೀನು, ಅವ್ವ ಕೈಯಾರೆ ಹೊಲಿದ ಕೌದಿಗಳು. ನೀರು ಇಳಿದ ಮೇಲೆ ಬಂದವರೆಲ್ಲ ಗೋಡೆ ಬಿದ್ದಿದೆಯೇ ಎಂದಷ್ಟೇ ಕೇಳಿದರು. ಅವಳಿಗೆ ಅದು ಇವತ್ತಿಗೂ ಚುಚ್ಚುತ್ತದೆ.

ಏಜೆಂಟರು 'ಭಾರತ್ ಗೃಹ ರಕ್ಷಾ' ಪಾಲಿಸಿ ತೋರಿಸಿದರು. 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಮಾದರಿ ಪಾಲಿಸಿ, ಅಂದರೆ ಯಾವ ಕಂಪನಿಯಲ್ಲಿ ತಗೊಂಡರೂ ಮೂಲ ನಿಯಮ ಒಂದೇ. ಬೆಂಕಿ, ಸಿಡಿಲು, ಭೂಕಂಪ, ಪ್ರವಾಹದ ಜೊತೆಗೆ ನೀರಿನ ಟ್ಯಾಂಕು, ಪೈಪು ಒಡೆದು ಇಲ್ಲವೇ ತುಂಬಿ ಹರಿದು ಆಗುವ ಹಾನಿಯೂ ಅದರಲ್ಲಿತ್ತು. ಅವ್ವನ ಮಾತೇ ಅಚ್ಚಾಗಿತ್ತು.

ಫ್ಲ್ಯಾಟಿಗೆ ಕೊಟ್ಟ 36 ಲಕ್ಷಕ್ಕೇ ವಿಮೆ ಮಾಡಿಸಲು ಹೊರಟಿದ್ದೆ. ಜಾಗದ ಬೆಲೆ ಇದರಲ್ಲಿ ಬರುವುದಿಲ್ಲ, ಮತ್ತೆ ಕಟ್ಟಲು ತಗಲುವ ಖರ್ಚಷ್ಟೇ ಲೆಕ್ಕ. ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ಬಳಕೆಗೆ ಸಿಗುವ ಜಾಗ, 900 ಚದರಡಿ; ಅಡಿಗೆ 2,000 ರೂಪಾಯಿ ಹಿಡಿದರೆ 18 ಲಕ್ಷ. ಕಟ್ಟಡಕ್ಕೆ ಮಾಡಿಸಿದರೆ ಅದರ ಶೇ. 20ರಷ್ಟು, 10 ಲಕ್ಷ ಮೀರದಂತೆ, ಮನೆ ಸಾಮಾನಿಗೂ ತಾನಾಗಿ ಸಿಗುತ್ತದೆ. ನಮ್ಮ ಪಾಲಿಗೆ 3.6 ಲಕ್ಷ.

ಅಷ್ಟು ಸಾಕೇ? ಭಾನುವಾರ ನೋಟ್‌ಬುಕ್ ಹಿಡಿದು ಕೋಣೆ ಕೋಣೆ ತಿರುಗಿದೆವು. ಅವ್ವ ಹೇಳುತ್ತ ಹೋದಳು, ನಾನು ಬರೆದೆ. ಎಸಿ, ಎರಡು ಕೂಲರು, ಫ್ರಿಡ್ಜು, ಮಂಚ, ಅಲ್ಮಾರಿ, ಮಿಕ್ಸಿ. ತಾಮ್ರದ ಹಂಡೆಯನ್ನೂ ಬಿಡಲಿಲ್ಲ. ಕೂಡಿಸಿದಾಗ 5.4 ಲಕ್ಷ! ಪಟ್ಟಿ ಕೊಟ್ಟು ಅಷ್ಟೂ ಮೊತ್ತಕ್ಕೆ ಬರೆಸಿದೆ. ಅವಳ ಬೋರಮಾಳ ಸರಕ್ಕೆ ಬೆಲೆಬಾಳುವ ವಸ್ತುಗಳ ಬೇರೆಯೇ ವಿಭಾಗ, ಅದನ್ನೂ ಸೇರಿಸಿದೆ.

ಕಳ್ಳತನದ ಸಾಲನ್ನು ಎರಡು ಸಲ ಓದಿದೆ. ಬೆಂಕಿ, ಪ್ರವಾಹದಂಥದ್ದು ಆಗಿ ಅದರಿಂದಾಗಿ 7 ದಿನದೊಳಗೆ ಕಳುವಾದರೆ ಮಾತ್ರ ಪರಿಹಾರ. ಬೀಗ ಮುರಿದು ಕದ್ದರೆ ಇದು ಒದಗದು. ಅದಕ್ಕೆ ಬೇರೆ ಪಾಲಿಸಿಯನ್ನೇ ತಗೊಂಡೆ. ಶಾರ್ಟ್ ಸರ್ಕ್ಯೂಟಿನಿಂದ ಟಿವಿ ಸುಟ್ಟರೆ ಆ ಟಿವಿಗೂ ದುಡ್ಡಿಲ್ಲ, ಅದರ ಬೆಂಕಿ ಹಬ್ಬಿ ಉಳಿದದ್ದು ಸುಟ್ಟರೆ ಉಂಟು. ಲಿಫ್ಟು, ಮೆಟ್ಟಿಲು, ಟಾಕಿ ಎಲ್ಲರವು. ಫ್ಲ್ಯಾಟಿನವರ ಸಂಘದ ಹೆಸರಲ್ಲಿ ಅವಕ್ಕೆ ವಿಮೆ ಮಾಡಿಸಿಲ್ಲವೆಂದು ಗೊತ್ತಾಗಿ, ಮುಂದಿನ ಸಭೆಗೆ ವಿಷಯ ಇಡಿ ಎಂದು ಕಾರ್ಯದರ್ಶಿಯವರಿಗೆ ಬರೆದುಕೊಟ್ಟಿದ್ದೇನೆ.

ಪಾಲಿಸಿ ಬಂದ ದಿನ ಅದನ್ನು ಅಲ್ಮಾರಿಯಲ್ಲಿಡಲು ಹೋದರೆ ಅವ್ವ ತಡೆದಳು. "ಆವಾಗ ಕಾಗದಾನೂ ತೋಯ್ದು ಮುದ್ದಿ ಆಗಿದ್ವು. ಮನ್ಯಾಗ ಇಡಬ್ಯಾಡ."

ಸಾಮಾನಿನ ಫೋಟೊ, ಬಿಲ್ಲು, ಪಾಲಿಸಿಯ ಪ್ರತಿ ಎಲ್ಲವನ್ನೂ ಸಿಂಧನೂರಿನ ಅಕ್ಕನ ಫೋನಿಗೆ ಕಳಿಸಿದೆ.