ತೂಕದ ಬಾಕಿ

ಬೆಟಗೇರಿಯಲ್ಲಿ ನನ್ನ ಭಾವನವರದು ಒಂದು ಚಿಕ್ಕ ಕಿರಾಣಿ ಅಂಗಡಿ. 1841ರಲ್ಲಿ ಬಾಸೆಲ್ ಮಿಶನ್ ಅಲ್ಲಿ ಕೆಲಸ ಆರಂಭಿಸಿದ ಮೇಲೆ ಬೆಳೆದುಬಂದ ಕ್ರೈಸ್ತ ಸಭೆಗೆ ಸೇರಿದ ಕುಟುಂಬ ಅವರದು. ಗಿರಾಕಿಗಳಲ್ಲಿ ಬಹುಪಾಲು ಓಣಿಯ ನೇಕಾರರು ಮತ್ತು ಕೂಲಿಕಾರರು. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೀಳಬೇಕು. ಒಂದು ಬೇಸಿಗೆಯಲ್ಲಿ ನಾನು ಅಲ್ಲಿದ್ದಾಗ ಆ ಕೆಲಸಕ್ಕೆ ಮೊದಲು ರಿಪೇರಿಯವರು ಬಂದು ಪರೀಕ್ಷಿಸಿದರು. ತಕ್ಕಡಿ ಒಂದು ಕಿಲೋ ಎಂದು ತೋರಿಸುವಾಗ ತಟ್ಟೆಯಲ್ಲಿ ಇರುತ್ತಿದ್ದುದು 980 ಗ್ರಾಂ ಮಾತ್ರ. ಅವರು ಅದನ್ನು ಸರಿಪಡಿಸಿದರು, ಮುದ್ರೆಯೂ ಬಿತ್ತು, ಕಾನೂನಿನ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು.

ಭಾವನವರಿಗೆ ಮುಗಿಯಲಿಲ್ಲ. ಆ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಉದ್ರಿ ಪುಸ್ತಕ ತೆಗೆದುಕೊಂಡು ಕುಳಿತರು. ತಕ್ಕಡಿ ಯಾವಾಗ ಕೆಟ್ಟಿತೆಂದು ತಿಳಿಯುವ ದಾರಿಯೇ ಇರಲಿಲ್ಲವಾದ್ದರಿಂದ, ಹಿಂದಿನ ಮುದ್ರೆ ಬಿದ್ದ ಮರುದಿನದಿಂದಲೇ ಅದು ಕೆಟ್ಟಿತ್ತೆಂದು ಎಣಿಸಿ, ಸಂಶಯದ ನಷ್ಟವನ್ನೆಲ್ಲ ತಮ್ಮ ಮೇಲೆಯೇ ಹಾಕಿಕೊಂಡರು. ಅವರ ವಿಶ್ವಾಸದ ಆಳ ನನಗೆ ಕಂಡದ್ದು ಈ ಎಣಿಕೆಯಲ್ಲಿ. ಕಿಲೋಗೆ 20 ಗ್ರಾಂ ಕೊರತೆ. ಅದರ ಐದರಲ್ಲೊಂದು ಪಾಲು ಸೇರಿಸಿದರೆ 24 ಗ್ರಾಂ. ಅನ್ಯಾಯವಾಗಿ ಬಂದದ್ದನ್ನು ಪೂರ್ತಿಯಾಗಿ ಹಿಂದಕ್ಕೆ ಕೊಟ್ಟು, ಮೇಲೆ ಐದನೆಯ ಒಂದು ಭಾಗವನ್ನು ಕೂಡಿಸಬೇಕೆಂದು ಬೈಬಲಿನ ಯಾಜಕಕಾಂಡದ 6ನೇ ಅಧ್ಯಾಯ ಹೇಳುತ್ತದೆ. ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದು ಯೇಸುವಿಗೆ ಹೇಳಿದ ಸುಂಕದವ ಜಕ್ಕಾಯನ ಮೇಲೆ ನಾವು ಎಷ್ಟೋ ಪ್ರಸಂಗಗಳನ್ನು ಕೇಳಿದ್ದೇವೆ. ಆದರೆ ಆ ವಾಕ್ಯಗಳನ್ನು ಬೆಲ್ಲಕ್ಕೂ ಕಡಲೆಬೇಳೆಗೂ ಹಚ್ಚಿ ಗ್ರಾಂ ಲೆಕ್ಕ ಹಾಕಿದವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಮರುದಿನ ಸಂಜೆ ಪೊಟ್ಟಣಗಳನ್ನು ಹಿಡಿದು ಮನೆಮನೆಗೆ ಹೋದೆವು. ವರ್ಷದಲ್ಲಿ 25 ಕಿಲೋ ಅಕ್ಕಿ ಒಯ್ದಿದ್ದ ಮನೆಗೆ 600 ಗ್ರಾಂ. ಒಬ್ಬ ಅಜ್ಜಿ, "ಯಪ್ಪಾ, ಇಷ್ಟಕ್ಕ ಮನೀತನಕ ಬಂದಿ ಏನು?" ಎಂದು ಬೆರಗಾದರು. "ನಿಮ್ಮದ ಐತ್ರಿ ಅಮ್ಮಾರ, ಇಸ್ಕೋರಿ" ಎಂದಷ್ಟೇ ಹೇಳಿದರು ಭಾವ. ದೇವರ ಹೆಸರನ್ನೂ ಸಭೆಯ ಹೆಸರನ್ನೂ ಅವರು ಎಲ್ಲಿಯೂ ಎತ್ತಲಿಲ್ಲ, ಮತ್ತು ಅದು ಸರಿಯೆಂದೇ ನನ್ನ ಎಣಿಕೆ: ಸಾಲ ತೀರಿಸುವಾಗ ಉಪದೇಶ ಸೇರಿಸಿದರೆ ಪಡೆಯುವವರ ತಲೆ ತಗ್ಗುತ್ತದೆ. ಹೀಗೆ ಸಾರಿಕೊಂಡರೆ ಅಂಗಡಿಯ ಹೆಸರು ಕೆಡುತ್ತದೆಂದು ಸಭೆಯ ಹಿರಿಯರೊಬ್ಬರು ಎಚ್ಚರಿಸಿದ್ದರು. ಆ ಭಯ ಸುಳ್ಳೇನಲ್ಲ. ಒಂದು ಮನೆಯವರು ಆಮೇಲೆ ಬೇರೆ ಅಂಗಡಿಗೆ ಹೋಗತೊಡಗಿದರು.

ನಗದು ಕೊಟ್ಟು ಒಯ್ದವರ ಲೆಕ್ಕ ಮಾತ್ರ ಉಳಿಯಿತು. ಅವರ ಹೆಸರು ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಆ ಮೊತ್ತವನ್ನು ಭಾನುವಾರದ ಕಾಣಿಕೆಗೆ ಹಾಕಿಬಿಡೋಣವೆಂದು ಅಕ್ಕ ಸೂಚಿಸಿದಳು. "ನಂದಲ್ಲದ ರೊಕ್ಕಾನ ಕಾಣಿಕೆ ಅಂತ ಹೆಂಗ ಕೊಡ್ಲಿ?" ಎಂದ ಭಾವ, ಮಾರಾಟದ ಅಂದಾಜಿನ ಮೇಲೆ ಆ ಬಾಕಿಯನ್ನೂ ಬರೆದಿಟ್ಟು, ಅದು ತೀರುವವರೆಗೆ ಪ್ರತಿ ನಗದು ಗಿರಾಕಿಗೂ ಕಿಲೋಗೆ 24 ಗ್ರಾಂ ಹೆಚ್ಚಿಗೆ ತೂಗಿಕೊಟ್ಟರು.